ಒಂದೇ ಟಿವಿ, ನಲವತ್ತು ಮಕ್ಕಳು: ವಿಡಿಯೊ ಎಲ್ಲಿ ನಿಲ್ಲಿಸಬೇಕು?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6ರಿಂದ 8ನೇ ತರಗತಿಗೆ ಗಣಿತ, ವಿಜ್ಞಾನ ಕಲಿಸುತ್ತೇನೆ. ದಾನಿಗಳು 43 ಇಂಚಿನ ಸ್ಮಾರ್ಟ್ ಟಿವಿ ಕೊಡಿಸಿದ್ದಾರೆ. ಹಳೆಯ ಲ್ಯಾಪ್‌ಟಾಪ್ ಒಂದಿದೆ. ಒಂದು ತರಗತಿಗೆ ಸುಮಾರು ನಲವತ್ತು ಮಕ್ಕಳು. ವಿಡಿಯೊ ಹಾಕಿದರೆ ಗಲಾಟೆ ಇಲ್ಲದೆ ನೋಡುತ್ತಾರೆ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ಒಟ್ಟಿಗೆ "ಹೂಂ" ಅನ್ನುತ್ತಾರೆ. ಮರುದಿನ ಕೇಳಿದರೆ ಯಾರಿಗೂ ಏನೂ ನೆನಪಿರುವುದಿಲ್ಲ. ತಾಂಡಾದಿಂದ ಬರುವ ಮಕ್ಕಳಿಗೆ ವಿಡಿಯೊದ ಕನ್ನಡವೇ ಕಷ್ಟ. ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದಿನಾ ಒಂದು ಪಿರಿಯಡ್ ಟಿವಿಯಲ್ಲೇ ಆಗಬೇಕು ಅಂತ ಮುಖ್ಯ ಗುರುಗಳು ಹೇಳಿದ್ದಾರೆ. ಏನು ಮಾಡಲಿ ಸರ್? ಪ್ರಶ್ನೆಪತ್ರಿಕೆ ಮಾಡಲು ಚಾಟ್‌ಜಿಪಿಟಿ ಬಳಸಬಹುದಾ ಅಂತಲೂ ತಿಳಿಸಿ.

ಉತ್ತರ: ನಮಸ್ಕಾರ ಟೀಚರ್. ನೀವು ಗಮನಿಸಿದ್ದು ಸರಿಯಾಗಿಯೇ ಇದೆ. ಮಕ್ಕಳು ಸುಳ್ಳು ಹೇಳುತ್ತಿಲ್ಲ. "ಹೂಂ" ಅನ್ನುವ ಹೊತ್ತಿಗೆ ಅವರಿಗೆ ನಿಜವಾಗಿಯೂ ಅರ್ಥ ಆದ ಹಾಗೇ ಅನಿಸಿರುತ್ತದೆ. ಚೆನ್ನಾಗಿ ಮಾಡಿದ ವಿಡಿಯೊ ಎಲ್ಲೂ ತಡವರಿಸುವುದಿಲ್ಲ, ನೋಡುವವರೂ ತಡವರಿಸಬೇಕಾಗಿಲ್ಲ. ತೊಂದರೆ ಇರುವುದೇ ಅಲ್ಲಿ. ತಲೆಗೆ ಕೆಲಸವೇ ಸಿಗುವುದಿಲ್ಲ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಬರಹವನ್ನು ಮತ್ತೆ ಓದಿದರು. ಇನ್ನು ಕೆಲವರು ಓದಿದ್ದನ್ನು ಪಕ್ಕಕ್ಕಿಟ್ಟು ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು, ಅದೂ ಸಾಕಷ್ಟು ಅಂತರದಲ್ಲಿ. ನಿಮ್ಮ ತರಗತಿಯಲ್ಲಿ ನಡೆಯುತ್ತಿರುವುದೂ ಹೆಚ್ಚು ಕಡಿಮೆ ಇದೇ. ವಿಡಿಯೊ ನೋಡುವುದು ಮತ್ತೆ ಓದಿದ ಹಾಗೆ. ಆ ಹೊತ್ತಿಗೆ ಹಿತ, ಮರುದಿನಕ್ಕೆ ಏನೂ ಇಲ್ಲ.

ಹಾಗಾಗಿ ನಾನು ಕೊಡುವ ಸಲಹೆ ಮುಖ್ಯವಾಗಿ ಒಂದೇ. ವಿವರಣೆಯನ್ನು ಟಿವಿಗೆ ಒಪ್ಪಿಸಬೇಡಿ, ಅದು ನಿಮ್ಮದು. ಟಿವಿಯಿಂದ ಪ್ರಶ್ನೆ ಹುಟ್ಟಲಿ, ಮಕ್ಕಳು ಊಹಿಸಿದ್ದು ಸರಿಯೋ ತಪ್ಪೋ ಎಂದು ಟಿವಿಯಲ್ಲಿ ನೋಡಲಿ. ನಡುವೆ ಅದು ನಿಂತಿರಲಿ. ಒಂದು ಪಾಠ ಹಿಡಿದುಕೊಂಡು ಹೇಳಿದರೆ ಸ್ಪಷ್ಟವಾಗುತ್ತದೆ.

ವಿದ್ಯುತ್ ಮಂಡಲದ ಪಾಠ ತೆಗೆದುಕೊಳ್ಳಿ. ಮೊದಲ ದಿನ ಟಿವಿ ಬೇಡವೇ ಬೇಡ. ಟಾರ್ಚ್ ಸೆಲ್, ಸಣ್ಣ ಬಲ್ಬು, ವೈರು, ಇಷ್ಟನ್ನು ಗುಂಪು ಗುಂಪಿಗೆ ಕೊಡಿ. ಬಲ್ಬು ಹತ್ತಿಸುವ ಖುಷಿ ಮಕ್ಕಳ ಕೈಯಲ್ಲೇ ಆಗಬೇಕು. ಎಷ್ಟು ಒಳ್ಳೆಯ ಆ್ಯನಿಮೇಷನ್ ಬಂದರೂ ಅದರ ಜಾಗ ತುಂಬುವುದಿಲ್ಲ. (ಮನೆಯ ಪ್ಲಗ್ಗಿನಲ್ಲಿ ಇದನ್ನು ಮಾಡಬಾರದು ಎಂದು ಅದೇ ದಿನ ಗಟ್ಟಿಯಾಗಿ ಹೇಳಿ. ಮರೆಯಬೇಡಿ.)

ಎರಡನೆಯ ದಿನ ಬೋರ್ಡಿನ ಮೇಲೆ ಒಂದು ಸೆಲ್, ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಎರಡು ಬಲ್ಬು ಬರೆಯಿರಿ. ಎರಡೂ ಒಂದೇ ತರಹದ ಬಲ್ಬು. ಯಾವುದು ಜಾಸ್ತಿ ಬೆಳಗುತ್ತದೆ? ಪ್ಲಸ್ ಕಡೆಯದ್ದು ಅಂದರೆ 1, ಮೈನಸ್ ಕಡೆಯದ್ದು ಅಂದರೆ 2, ಎರಡೂ ಒಂದೇ ಸಮ ಅಂದರೆ 3. ಉತ್ತರವನ್ನು ಪಾಟಿಯ ಮೇಲೆ ಬರೆದು, ನೀವು ಹೇಳಿದಾಗ ಎಲ್ಲರೂ ಒಟ್ಟಿಗೆ ಎತ್ತಿ ಹಿಡಿಯಬೇಕು. ಬಾಯಿಂದ ಹೇಳಿಸಬೇಡಿ. ಬಾಯಿಂದ ಹೇಳಿಸಿದರೆ ಮುಂದಿನ ಸಾಲಿನ ಮೂವರು ಹೇಳುತ್ತಾರೆ, ಉಳಿದವರು ಅವರ ಹಿಂದೆ ದನಿಗೂಡಿಸುತ್ತಾರೆ. "ಹೂಂ" ಹುಟ್ಟುವುದೂ ಹಾಗೇ ಅಲ್ವಾ?

ಬಹಳ ಮಕ್ಕಳು 1 ಎಂದು ಬರೆಯುತ್ತಾರೆ. ಕರೆಂಟು ಮೊದಲ ಬಲ್ಬಿನಲ್ಲಿ ಸ್ವಲ್ಪ ಖರ್ಚಾಗುತ್ತದೆ, ಉಳಿದದ್ದು ಮುಂದಕ್ಕೆ ಹೋಗುತ್ತದೆ ಎಂಬುದು ಅವರ ಲೆಕ್ಕ. ಇದು ದಡ್ಡತನ ಅಲ್ಲ. ಪ್ರಪಂಚದ ಎಲ್ಲ ಕಡೆ ಮಕ್ಕಳು ಹೀಗೇ ಯೋಚಿಸುತ್ತಾರೆ, ಕಾಲೇಜಿಗೆ ಬಂದವರೂ ಯೋಚಿಸುತ್ತಾರೆ. ನೀವು ಆಗ ಉತ್ತರ ಹೇಳಬೇಡಿ. ಬೇರೆ ಸಂಖ್ಯೆ ಬರೆದ ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಲು ಬಿಡಿ. ಮತ್ತೆ ಪಾಟಿ ಎತ್ತಿಸಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಮೇಷ್ಟ್ರು 1991ರಲ್ಲಿ ಈ ಕ್ರಮ ಶುರು ಮಾಡಿದರು. ಅವರ ವಿದ್ಯಾರ್ಥಿಗಳು ದೊಡ್ಡ ದೊಡ್ಡ ಲೆಕ್ಕ ಬಿಡಿಸುತ್ತಿದ್ದರು. ಸರಳವಾದ ಇಂಥ ಪ್ರಶ್ನೆ ಕೇಳಿದರೆ ಮಾತ್ರ ಎಡವುತ್ತಿದ್ದರು.

ಈಗ ಟಿವಿ ಹಾಕಿ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು ಮಾಡಿದ ಫೆಟ್ ಎಂಬ ಉಚಿತ ಸಿಮ್ಯುಲೇಷನ್‌ಗಳಿವೆ, ಅಂದರೆ ಪರದೆಯ ಮೇಲೆ ನಾವೇ ಮಾಡಿ ನೋಡುವ ಪ್ರಯೋಗಗಳು. 2001ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಕೆಲಸ ಅದು. ಅದರಲ್ಲಿ ವಿದ್ಯುತ್ ಮಂಡಲ ಕಟ್ಟುವ ಒಂದು ಸಿಮ್ಯುಲೇಷನ್ ಇದೆ. ಒಬ್ಬ ಹುಡುಗಿಯನ್ನು ಕರೆದು ಅವಳ ಕೈಯಲ್ಲೇ ಮಂಡಲ ಕಟ್ಟಿಸಿ. ಕೊನೆಯ ವೈರು ಜೋಡಿಸುವ ಮೊದಲು ಒಂದು ಕ್ಷಣ ನಿಲ್ಲಿಸಿ. ಆಮೇಲೆ ಜೋಡಿಸಲಿ. ಎರಡೂ ಬಲ್ಬು ಸಮನಾಗಿ ಬೆಳಗುತ್ತವೆ. ವೈರಿನೊಳಗೆ ಎಲೆಕ್ಟ್ರಾನುಗಳು ಎಲ್ಲ ಕಡೆ ಒಂದೇ ವೇಗದಲ್ಲಿ ಸಾಗುವುದು ಕಣ್ಣಿಗೆ ಕಾಣುತ್ತದೆ. ಮೊದಲ ಬಲ್ಬು ದಾಟಿದ ಮೇಲೆ ಅವು ಕಡಿಮೆಯಾಗುವುದಿಲ್ಲ, ನಿಧಾನವೂ ಆಗುವುದಿಲ್ಲ. ತನ್ನ ಪಾಟಿಯ ಮೇಲೆ 1 ಬರೆದುಕೊಂಡು ಕೂತ ಮಗುವಿಗೆ ಈ ದೃಶ್ಯ ಬೇರೆಯೇ ರೀತಿ ಕಾಣುತ್ತದೆ. ಏನೂ ಬರೆಯದೆ ಸುಮ್ನೆ ನೋಡಿದ ಮಗುವಿಗೆ ಅದು ಇನ್ನೊಂದು ಬಣ್ಣದ ಚಿತ್ರ ಅಷ್ಟೇ.

ನಿಜವಾದ ಬಲ್ಬಿನಲ್ಲೇ ತೋರಿಸಬಹುದಲ್ಲ, ಸಿಮ್ಯುಲೇಷನ್ ಯಾಕೆ ಎಂದು ನೀವು ಕೇಳಬಹುದು. ತೋರಿಸಿ, ಖಂಡಿತ ತೋರಿಸಿ. ಆದರೆ ಅಂಗಡಿಯಲ್ಲಿ ತಂದ ಎರಡು ಟಾರ್ಚ್ ಬಲ್ಬುಗಳು ನೋಡಲು ಒಂದೇ ಥರ ಇದ್ದರೂ ಒಳಗಿನ ತಂತಿಯಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಹಾಗಾಗಿ ಒಂದು ಸ್ವಲ್ಪ ಜಾಸ್ತಿ ಬೆಳಗಿಬಿಡುತ್ತದೆ. ಮಕ್ಕಳು "ನೋಡ್ರಿ, ನಾವು ಹೇಳಿದ್ದೇ ಸರಿ" ಅನ್ನುತ್ತಾರೆ. ಎರಡು ಬಲ್ಬುಗಳ ಜಾಗ ಅದಲು ಬದಲು ಮಾಡಿದರೆ ಗುಟ್ಟು ಬಯಲಾಗುತ್ತದೆ: ಜಾಸ್ತಿ ಬೆಳಗುವ ಬಲ್ಬು ಎಲ್ಲಿಟ್ಟರೂ ಜಾಸ್ತಿಯೇ ಬೆಳಗುತ್ತದೆ. ನೀವು ಇದನ್ನು ತರಗತಿಯಲ್ಲಿ ಮಾಡಿದರೆ ಅದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ಇನ್ನೊಂದಿಲ್ಲ. ಕೈಯಲ್ಲಿ ಮಾಡಿದ್ದು ಮತ್ತು ಪರದೆಯಲ್ಲಿ ಕಂಡದ್ದು ಯಾಕೆ ಬೇರೆ ಎಂದು ಮಕ್ಕಳೇ ಜಗಳ ಆಡುತ್ತಾರೆ. ಇಡೀ ಪಿರಿಯಡ್ಡಿನಲ್ಲಿ ಟಿವಿ ಓಡುವುದು ಏಳೆಂಟು ನಿಮಿಷ ಇರಬಹುದು. ಅಷ್ಟು ಸಾಕು.

ವಿಡಿಯೊಗಳ ವಿಷಯಕ್ಕೆ ಬರೋಣ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪಿನಲ್ಲಿ ಸಿಗುವ ವಿಡಿಯೊಗಳನ್ನು ನೀವು ನೋಡಿರುತ್ತೀರಿ. 2017ರಿಂದ ಇರುವ ವ್ಯವಸ್ಥೆ ಅದು. ಕೆಲವು ತುಂಬಾ ಚೆನ್ನಾಗಿವೆ. ಕೆಲವು ಪಾಠದ ಪುಟವನ್ನೇ ಓದಿ ಹೇಳುತ್ತವೆ, ಅವನ್ನು ಬಿಟ್ಟುಬಿಡಿ. ಯಾವ ವಿಡಿಯೊ ಆದರೂ ನೀವು ಮೊದಲು ಕೊನೆಯ ತನಕ ನೋಡಲೇಬೇಕು. ನೋಡುವಾಗ ಪೆನ್ನು ಹಿಡಿದು, ಎಲ್ಲಿ ನಿಲ್ಲಿಸುತ್ತೀರಿ, ನಿಲ್ಲಿಸಿ ಏನು ಕೇಳುತ್ತೀರಿ ಎಂದು ಬರೆದುಕೊಳ್ಳಿ. ಉತ್ತರ ಬರುವ ಗಳಿಗೆಗೆ ಸ್ವಲ್ಪ ಮುಂಚೆ ನಿಲ್ಲಿಸಬೇಕು. ನಿಲ್ಲಿಸುವ ಜಾಗವೇ ಸಿಗದ ವಿಡಿಯೊ ತರಗತಿಗೆ ಬೇಕಾಗಿಲ್ಲ.

ಇನ್ನೊಂದು ಸಲಹೆ ಇದೆ. ಶಿಕ್ಷಕರಿಗೆ ಇದನ್ನು ಹೇಳಿದಾಗ ಮೊದಲು ಅನುಮಾನ ಪಡುತ್ತಾರೆ, ಮಾಡಿ ನೋಡಿದವರು ಬಿಡುವುದಿಲ್ಲ. ವಿಡಿಯೊದ ದನಿ ಪೂರ್ತಿ ಆಫ್ ಮಾಡಿ. ಚಿತ್ರ ಓಡಲಿ, ಮಾತು ನಿಮ್ಮದಿರಲಿ. ವಿಡಿಯೊದ ಕನ್ನಡ ಬೆಂಗಳೂರಿನ ಸ್ಟುಡಿಯೊದ್ದು, ವೇಗವೂ ಜಾಸ್ತಿ. ನಿಮ್ಮ ಮಾತು ಮಕ್ಕಳಿಗೆ ಗೊತ್ತು. ಎಲ್ಲಿ ನಿಧಾನ ಮಾಡಬೇಕು ಎಂದು ನಿಮಗೆ ಅವರ ಮುಖ ನೋಡಿದರೆ ತಿಳಿಯುತ್ತದೆ. ಆ ಸ್ಟುಡಿಯೊದ ದನಿಗೆ ಅದು ಸಾಧ್ಯವಿಲ್ಲ. ಎರಡನೆಯ ಸಲ ಅದೇ ದೃಶ್ಯ ಓಡಿಸಿ, ಒಂದು ಮಗುವಿಗೆ ಮಾತು ಕೊಡಲು ಹೇಳಿ. ಚಿತ್ರ ಕಣ್ಣೆದುರು ಇರುವಾಗ ಮಾತು ಹುಡುಕುವುದು ಮಕ್ಕಳಿಗೆ ಕಷ್ಟವೂ ಹೌದು, ಬಹಳ ಇಷ್ಟವೂ ಹೌದು.

ತಾಂಡಾದ ಮಕ್ಕಳಿಗೆ ಇದರಿಂದ ತುಂಬಾ ಅನುಕೂಲ. ಮನೆಯಲ್ಲಿ ಲಂಬಾಣಿ ಮಾತಾಡುವ ಮಗು ಮೊದಲು ತನ್ನ ಗೆಳತಿಗೆ ಲಂಬಾಣಿಯಲ್ಲೇ ಹೇಳಲಿ. ಆಮೇಲೆ ಇಬ್ಬರೂ ಸೇರಿ ಕನ್ನಡದಲ್ಲಿ ಹೇಳಲಿ. ವಿಷಯ ತಿಳಿದ ಮೇಲೆ ಪದ ಸಿಗುತ್ತದೆ. ತರಗತಿಯಲ್ಲಿ ಲಂಬಾಣಿ ಆಡಬಾರದು ಎಂಬ ಕಟ್ಟು ಎಲ್ಲಾದರೂ ಇದ್ದರೆ ದಯವಿಟ್ಟು ತೆಗೆದುಹಾಕಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಚಿತ್ರಕಥೆಗಳಿವೆ, ಕನ್ನಡದಲ್ಲೂ ಬೇಕಾದಷ್ಟಿವೆ. ಮೂಲ ಲೇಖಕರ, ಕಲಾವಿದರ ಹೆಸರು ಹೇಳಿ ಅವನ್ನು ಬದಲಿಸಿ ಬಳಸಲು, ಅನುವಾದಿಸಲು, ಪ್ರಿಂಟ್ ತೆಗೆಯಲು ಅನುಮತಿ ಇದೆ. ಒಂದು ಕಥೆಯ ಚಿತ್ರಗಳನ್ನು ಟಿವಿಯಲ್ಲಿ ತೋರಿಸಿ, ಮಕ್ಕಳೇ ತಮ್ಮ ಮಾತಿನಲ್ಲಿ, ಕನ್ನಡ ಲಿಪಿಯಲ್ಲಿ ಕಥೆ ಬರೆಯಲಿ. ಇದು ನಿಮ್ಮ ವಿಷಯ ಅಲ್ಲ ಎಂದು ಗೊತ್ತು. ಭಾಷಾ ಶಿಕ್ಷಕರಿಗೆ ತಿಳಿಸಿ.

ನನ್ನ ಪ್ರಕಾರ ನಿಮ್ಮ ಶಾಲೆಯಲ್ಲಿರುವ ಅತಿ ಒಳ್ಳೆಯ ಉಪಕರಣ ಟಿವಿ ಅಲ್ಲ. ನಿಮ್ಮ ಮೊಬೈಲಿನ ಕ್ಯಾಮೆರಾ. ಹೊರಗಿನವರು ಮಾಡಿದ್ದನ್ನು ತರಗತಿಗೆ ತರಲು ಎಲ್ಲರೂ ಒದ್ದಾಡುತ್ತಾರೆ. ತರಗತಿಯಲ್ಲಿ ಇರುವುದನ್ನೇ ದೊಡ್ಡದು ಮಾಡಿ ತೋರಿಸಲು ಅದನ್ನು ಬಳಸುವವರು ಕಡಿಮೆ. ದಾಸವಾಳದ ಪಾಠ ನೆನಪಿಸಿಕೊಳ್ಳಿ. ನೀವು ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಹಿಡಿದರೆ ಮುಂದಿನ ಎರಡು ಸಾಲಿಗೆ ಕಾಣುತ್ತದೆ, ಹಿಂದಿನವರಿಗೆ ಕೆಂಪು ಬಣ್ಣ ಮಾತ್ರ. ಮೊಬೈಲನ್ನು ಎರಡು ಪುಸ್ತಕದ ಕಟ್ಟುಗಳ ನಡುವೆ ಅಡ್ಡ ಇಟ್ಟು, ಕ್ಯಾಮೆರಾ ಕೆಳಗೆ ನೋಡುವಂತೆ ಮಾಡಿ. ಅದರ ಪರದೆಯನ್ನು ಟಿವಿಗೆ ಮಿರರ್ ಮಾಡಿ, ಅಂದರೆ ಮೊಬೈಲಿನಲ್ಲಿ ಕಾಣುವುದೇ ಟಿವಿಯಲ್ಲೂ ಕಾಣುವಂತೆ ಮಾಡಿ. ಈಗ ಹೂವು ಟಿವಿಯ ಅಷ್ಟು ದೊಡ್ಡದು. ಕೊಳವೆಯ ಸುತ್ತ ಕೂತ ಕೇಸರಗಳು, ತುದಿಯಲ್ಲಿ ಐದಾಗಿ ಒಡೆದ ಶಲಾಕಾಗ್ರ, ಬುಡದಲ್ಲಿ ಅಂಡಾಶಯ, ಅದರೊಳಗೆ ಸಾಲಾಗಿರುವ ಬಿಳಿ ಅಂಡಕಗಳು, ಎಲ್ಲ ಕೊನೆಯ ಸಾಲಿಗೂ ಕಾಣುತ್ತವೆ. ಅದು ನಿಮ್ಮ ಶಾಲೆಯ ಅಂಗಳದ ಹೂವು, ಅದೇ ಹೊತ್ತಿಗೆ ಪ್ರತಿ ಗುಂಪಿನ ಕೈಯಲ್ಲೂ ಒಂದೊಂದು ಇರುತ್ತದೆ. ಟಿವಿಯಲ್ಲಿ ನೋಡಿ ತಮ್ಮ ಹೂವಿನಲ್ಲಿ ಹುಡುಕುತ್ತಾರೆ.

ಇದೇ ಕ್ರಮದಲ್ಲಿ ಗಣಿತಕ್ಕೆ ಇನ್ನೊಂದು ಉಪಯೋಗ ಇದೆ. ಒಂದು ಮಗು ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆದಿರುತ್ತದೆ. ಹೆಸರು ಕಾಣದಂತೆ ಆ ಲೆಕ್ಕವನ್ನಷ್ಟೇ ಟಿವಿಯಲ್ಲಿ ತೋರಿಸಿ. ಬೇರೆ ತರಗತಿಯ ನೋಟ್‌ಬುಕ್ ಆದರೆ ಇನ್ನೂ ಒಳ್ಳೆಯದು. "ಇವರು ಹೇಗೆ ಯೋಚಿಸಿರಬಹುದು?" ಎಂದು ಕೇಳಿ. ಐದನೇ ಎರಡು ಅಂದರೆ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಹೇಗೆ ಆಯಿತು? ಈ ಪ್ರಶ್ನೆಯನ್ನು ಮಕ್ಕಳೇ ಎತ್ತುವ ತನಕ ಕಾಯಿರಿ. ಯಾವ ಕಂಪನಿಯ ವಿಡಿಯೊದಲ್ಲೂ ನಿಮ್ಮ ಮಕ್ಕಳ ತಪ್ಪು ಇರುವುದಿಲ್ಲ. ಅದು ನಿಮ್ಮ ಹತ್ತಿರ ಮಾತ್ರ ಇದೆ.

ಹೆಸರುಕಾಳು ಮೊಳಕೆ ಬರುವುದನ್ನು ದಿನಾ ಒಂದೇ ಜಾಗದಿಂದ ಫೋಟೊ ತೆಗೆಸಿ, ವಾರದ ಕೊನೆಗೆ ಒಂದರ ಹಿಂದೆ ಒಂದು ಓಡಿಸಿ. ಲೋಲಕದ ಆಟವನ್ನು ಸ್ಲೋ ಮೋಷನ್‌ನಲ್ಲಿ ತೆಗೆದು, ತುದಿಯಲ್ಲಿ ಅದು ಒಂದು ಕ್ಷಣ ನಿಲ್ಲುವುದನ್ನು ತೋರಿಸಿ. ಇಂಥವು ನಿಮಗೇ ಇನ್ನೂ ಹತ್ತು ಹೊಳೆಯುತ್ತವೆ.

ರೇಖಾಗಣಿತಕ್ಕೆ ಜಿಯೋಜೀಬ್ರಾ ಬಿಟ್ಟು ಬೇರೆ ಹುಡುಕಬೇಡಿ. ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಶುರು ಮಾಡಿದ ತಂತ್ರಾಂಶ ಇದು. ಶಾಲೆಗಳಿಗೆ ಉಚಿತ. ಒಮ್ಮೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ತ್ರಿಭುಜದ ಕೋನಗಳ ಮೊತ್ತ ಕಲಿಸುವಾಗ ಮೊದಲು ಕಾಗದದ ತ್ರಿಭುಜದ ಮೂರು ಮೂಲೆ ಹರಿದು ಒಂದು ಗೆರೆಯ ಮೇಲೆ ಜೋಡಿಸಲಿ. ಆಮೇಲೆ ಪರದೆಯ ಮೇಲೆ ತ್ರಿಭುಜದ ಒಂದು ಶೃಂಗ ಹಿಡಿದು ಎಳೆಯಿರಿ. ಕೋನಗಳು ಬದಲಾಗುತ್ತವೆ, ಮೊತ್ತ ಬದಲಾಗುವುದಿಲ್ಲ. ಕಾಗದದಲ್ಲಿ ಒಂದು ತ್ರಿಭುಜ ನೋಡಿದ ಮಗು ಇಲ್ಲಿ ನೂರಾರು ನೋಡುತ್ತದೆ. ಬೋರ್ಡಿಗೆ ಆಗದ ಕೆಲಸ ಇದು. ಒಂದು ವಿಷಯ ನೆನಪಿಡಿ: ಕೋನಗಳನ್ನು ದಶಮಾಂಶ ಇಲ್ಲದೆ ತೋರಿಸುವಂತೆ ಇಟ್ಟರೆ ಕೆಲವೊಮ್ಮೆ 46, 68, 67 ಎಂದು ಬರುತ್ತದೆ. ಕೂಡಿದರೆ 181! ನಿಜವಾದ ಅಳತೆ 45.6, 67.6, 66.8 ಇರುತ್ತದೆ, ಮೂರೂ ಮೇಲಕ್ಕೆ ಏರಿರುತ್ತವೆ. ಇದನ್ನು ಮುಚ್ಚಿಡಬೇಡಿ. ಬೇಕೆಂದೇ ತೋರಿಸಿ, ಒಂದು ಡಿಗ್ರಿ ಎಲ್ಲಿಂದ ಬಂತು ಎಂದು ಕೇಳಿ.

ಮುಖ್ಯ ಗುರುಗಳ ಮಾತಿಗೆ ಬರುತ್ತೇನೆ. ಅವರ ಕಷ್ಟವೂ ಅರ್ಥವಾಗುತ್ತದೆ. ದಾನಿಗಳು ಕೊಟ್ಟ ವಸ್ತು ಧೂಳು ಹಿಡಿದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಉತ್ತರ ಕೊಡಬೇಕಾದವರು ಅವರೇ. ದಿನಾ ಬಳಸಬೇಕು ಎಂಬುದಕ್ಕೆ ನೀವು ಒಪ್ಪಿಕೊಳ್ಳಿ. ಇಡೀ ಪಿರಿಯಡ್ ಓಡಬೇಕು ಎಂಬುದಕ್ಕೆ ಮಾತ್ರ ಬೇಡ ಎನ್ನಿ. ಅವರಿಗೆ ಹೇಳಲು ಎರಡು ಉದಾಹರಣೆ ಕೊಡುತ್ತೇನೆ. ಪೆರು ದೇಶದಲ್ಲಿ ಸರ್ಕಾರ ಹಳ್ಳಿ ಶಾಲೆಗಳ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಬಂದ ಅಧ್ಯಯನದಲ್ಲಿ ಗಣಿತ, ಭಾಷೆಯ ಅಂಕಗಳಲ್ಲಿ ಯಾವ ಸುಧಾರಣೆಯೂ ಕಾಣಲಿಲ್ಲ. ದೆಹಲಿಯಲ್ಲಿ ಮಾಧ್ಯಮಿಕ ಹಂತದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶದಲ್ಲಿ ಅಭ್ಯಾಸ ಮಾಡಿಸಿದರು. ಜೊತೆಗೆ ಸಣ್ಣ ಗುಂಪಿನಲ್ಲಿ ಪಾಠವೂ ಇತ್ತು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಮಕ್ಕಳು ಚೆನ್ನಾಗಿ ಮುಂದೆ ಬಂದರು. ಈ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಆ ತಂತ್ರಾಂಶ ಪ್ರತಿ ಮಗುವಿಗೂ ಅದು ನಿಂತ ಮಟ್ಟದಿಂದಲೇ ಪ್ರಶ್ನೆ ಕೊಡುತ್ತಿತ್ತು. 7ನೇ ತರಗತಿಯ ಮಗುವಿಗೆ 4ನೇ ತರಗತಿಯ ಭಾಗಾಕಾರ ಬರದಿದ್ದರೆ ಅಲ್ಲಿಂದಲೇ ಶುರು. ಪೆರುವಿನಲ್ಲಿ ಯಂತ್ರ ಜಾಸ್ತಿ ಇತ್ತು, ಕೆಲಸ ಕೊಡುವ ವ್ಯವಸ್ಥೆ ಇರಲಿಲ್ಲ. ನಿಮ್ಮಲ್ಲಿ ಯಂತ್ರ ಒಂದೇ ಇದೆ. ಆದರೂ ಪಾಟಿ ಎತ್ತಿಸಿದಾಗ ಯಾರು ಎಲ್ಲಿದ್ದಾರೆ ಎಂದು ನಿಮಗೆ ಒಂದೇ ನೋಟದಲ್ಲಿ ತಿಳಿಯುತ್ತದೆ. ಅದನ್ನು ಟಿವಿ ಬಳಕೆಯ ದಾಖಲೆ ಪುಸ್ತಕದಲ್ಲಿ ಬರೆಯಿರಿ: ಇಂದು ಕೇಳಿದ ಪ್ರಶ್ನೆ, ಮೊದಲ ಸಲ ಎಷ್ಟು ಮಕ್ಕಳು ಸರಿ, ಮಾತಾಡಿದ ಮೇಲೆ ಎಷ್ಟು. "ವಿಡಿಯೊ ತೋರಿಸಲಾಯಿತು" ಎಂಬ ಸಾಲಿಗಿಂತ ಇದನ್ನು ನೋಡಿದರೆ ಮುಖ್ಯ ಗುರುಗಳಿಗೂ ಸಮಾಧಾನ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗಲೂ ತೋರಿಸಬಹುದು.

ನೆಟ್‌ವರ್ಕ್ ಬಗ್ಗೆ ಚಿಂತೆ ಬೇಡ. ತರಗತಿಯ ಹೊತ್ತಿನಲ್ಲಿ ನೆಟ್ ನಂಬಲೇಬೇಡಿ. ದೀಕ್ಷಾ ವಿಡಿಯೊಗಳನ್ನು ಮನೆಯಲ್ಲೇ ಆ್ಯಪಿನೊಳಗೆ ಡೌನ್‌ಲೋಡ್ ಮಾಡಿಕೊಳ್ಳಿ. ಫೆಟ್‌ನ ಹೊಸ ಸಿಮ್ಯುಲೇಷನ್‌ಗಳು ಒಂದೊಂದೂ ಒಂದೇ ಫೈಲ್ ಆಗಿ ಇಳಿಯುತ್ತವೆ, ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ನೆಟ್ ಇಲ್ಲದೆ ತೆರೆಯುತ್ತವೆ. ಕೀವಿಕ್ಸ್ ಎಂಬ ಆ್ಯಪಿನಲ್ಲಿ ಇಡೀ ಕನ್ನಡ ವಿಕಿಪೀಡಿಯ ಇಳಿಸಿಟ್ಟುಕೊಳ್ಳಬಹುದು. ಲ್ಯಾಪ್‌ಟಾಪಿನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿಬಿಡಿ, ಅದಕ್ಕಿಂತ ನಂಬಿಕೆಯದ್ದು ಇಲ್ಲ. ಮೊಬೈಲ್ ಮಿರರ್ ಮಾಡಲು ಕೆಲವು ಫೋನು, ಟಿವಿಗಳಿಗೆ ನೆಟ್ ಬೇಕಾಗಿಲ್ಲ, ಒಂದಕ್ಕೊಂದು ನೇರ ಸೇರಿಕೊಳ್ಳುತ್ತವೆ. ನಿಮ್ಮದರಲ್ಲಿ ಆಗದಿದ್ದರೆ ಫೋಟೊ ತೆಗೆದು ಯುಎಸ್‌ಬಿ ವೈರಿನಲ್ಲಿ ಲ್ಯಾಪ್‌ಟಾಪಿಗೆ ಹಾಕಿ. ಪೆನ್‌ಡ್ರೈವನ್ನು ಟಿವಿ ಓದದಿದ್ದರೆ ಅದನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಎಂಪಿ4 ವಿಡಿಯೊ ಹಾಕಿ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಕೂರುವುದಿಲ್ಲ. ಯೂಟ್ಯೂಬನ್ನು ತರಗತಿಯಲ್ಲಿ ನೇರವಾಗಿ ಹಾಕಬೇಡಿ. ನಡುವೆ ಯಾವ ಜಾಹೀರಾತು ಬರುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ.

43 ಇಂಚು ನಲವತ್ತು ಮಕ್ಕಳಿಗೆ ಚಿಕ್ಕದು. ಕೊನೆಯ ಸಾಲಿನಲ್ಲಿ ನೀವೇ ಕೂತು ನೋಡಿ. ಅಲ್ಲಿಂದ ಓದಲಾಗದ ಅಕ್ಷರ ಪರದೆಯ ಮೇಲೆ ಇರಬಾರದು. ಟಿವಿ ಹೊತ್ತಿಗೆ ಬೆಂಚು ಬಿಟ್ಟು ಎಲ್ಲರೂ ನೆಲದ ಮೇಲೆ ಹತ್ತಿರ ಬರಲಿ. ಕಿಟಕಿಯ ಬೆಳಕು ಪರದೆಗೆ ಬಡಿಯದಂತೆ ಟಿವಿಯ ಮೂಲೆ ಬದಲಿಸಿ. ಹತ್ತಿರ ಬಂದರೂ ಕಣ್ಣು ಕಿರಿದು ಮಾಡಿ ನೋಡುವ ಮಗು ಕಂಡರೆ ಕಣ್ಣಿನ ತಪಾಸಣೆಗೆ ಕಳಿಸಿ.

ಚಾಟ್‌ಜಿಪಿಟಿ ಬಳಸಬಹುದು. ಆದರೆ ನಿಮಗೆ ಉತ್ತರ ಗೊತ್ತಿರುವ ಕೆಲಸಕ್ಕೆ ಮಾತ್ರ. ಇಂಡಿ ನಿಂಬೆ, ಒಣದ್ರಾಕ್ಷಿ, ಜೋಳದ ಚೀಲ ಇಟ್ಟುಕೊಂಡು ಶೇಕಡಾವಾರು ಲೆಕ್ಕ ಬರೆದುಕೊಡು ಅಂದರೆ ಬರೆದುಕೊಡುತ್ತದೆ. ನಿಮ್ಮ ಒಂದು ಗಂಟೆ ಉಳಿಯುತ್ತದೆ. ಆಮೇಲೆ ಪ್ರತಿ ಲೆಕ್ಕವನ್ನೂ ನೀವೇ ಬಿಡಿಸಿ ನೋಡಬೇಕು. ಕನ್ನಡದಲ್ಲಿ ಕೇಳಿದಾಗ ಅದು ಪಠ್ಯಪುಸ್ತಕದಲ್ಲಿ ಇಲ್ಲದ ಪಾರಿಭಾಷಿಕ ಪದ ಬಳಸುವುದುಂಟು, ಉತ್ತರ ತಪ್ಪಿದರೂ ಅಷ್ಟೇ ಧೈರ್ಯದಿಂದ ಹೇಳುವುದುಂಟು. ಮಕ್ಕಳ ಉತ್ತರ ಪತ್ರಿಕೆ ತಿದ್ದಲು, ಅವರ ಬಗ್ಗೆ ಷರಾ ಬರೆಯಲು ಅದಕ್ಕೆ ಕೊಡಬೇಡಿ. ಮಕ್ಕಳ ಹೆಸರು, ಅಂಕ, ಜಾತಿ, ಆರೋಗ್ಯದ ವಿವರ ಯಾವುದನ್ನೂ ಅದರೊಳಗೆ ಹಾಕಲೇಬೇಡಿ.

ನೀವು ಕೇಳದೆ ಇದ್ದರೂ ಇನ್ನೊಂದು ಮಾತು ಹೇಳಲೇಬೇಕು. ಸ್ಮಾರ್ಟ್ ಕ್ಲಾಸ್ ನಡೆದ ದಾಖಲೆಗೆ ಎಂದು ಮಕ್ಕಳ ಫೋಟೊ ದಿನಾ ವಾಟ್ಸ್ಆ್ಯಪ್ ಗುಂಪುಗಳಿಗೆ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಕೇಳುತ್ತದೆ. ಕಾನೂನು ಇರಲಿ ಬಿಡಲಿ, ಪಾಟಿಯ ಮೇಲೆ ತಪ್ಪು ಉತ್ತರ ಹಿಡಿದು ಕೂತ ಮಗುವಿನ ಮುಖ ಊರೆಲ್ಲ ಸುತ್ತಬಾರದು. ಮಕ್ಕಳ ಬೆನ್ನ ಹಿಂದೆ ನಿಂತು, ಟಿವಿ ಕಾಣುವಂತೆ ಒಂದು ಫೋಟೊ ತೆಗೆಯಿರಿ. ದಾಖಲೆಗೆ ಅಷ್ಟು ಸಾಕು.